ವಿಶ್ರಾಂತಿಧಾಮವೂ ವನನಾಶವೂ

ಹೆಸರಿಗೂ ವಸ್ತುವಿಗೂ ಇರುವ ಸಂಬಂಧ ಕಡಿದುಹೋದಾಗ ಭಾಷೆ ಕೆಡುವುದು. ಭಾಷೆ ಕೆಟ್ಟ ಮೇಲೆ ವಿವೇಕವೂ ಬಹುಕಾಲ ಉಳಿಯದು. ಕೊಡಗಿನಲ್ಲಿಯೂ ಮಲೆನಾಡಿನ ಇತರ ಸೀಮೆಗಳಲ್ಲಿಯೂ ಕಳೆದ ಕೆಲವು ದಶಕಗಳಿಂದ ಕಾಡಿನ ಅಂಚಿನಲ್ಲಿ ಏಳುತ್ತಿರುವ ‘ಪ್ರಕೃತಿಪ್ರೇರಿತ ಆರೋಗ್ಯಧಾಮ’ಗಳಲ್ಲಿ ಹಲವನ್ನು ನೋಡಿದರೆ ಈ ಮಾತು ಅಕ್ಷರಶಃ ನಿಜವೆನಿಸುವುದು. ಗುಡ್ಡದ ಪಕ್ಕೆಯನ್ನು ಯಂತ್ರದಿಂದ ಸೀಳಿ ಸಮತಟ್ಟು ಮಾಡುವರು. ಇದ್ದ ಮರಗಳನ್ನು ತೆಗೆದು ಅನ್ಯದೇಶದ ಹುಲ್ಲನ್ನು ಹಾಸುವರು. ತೊರೆಯ ದಾರಿಯನ್ನು ಮಣ್ಣಿನಿಂದ ಮುಚ್ಚಿ, ಅದರ ಮಗ್ಗುಲಲ್ಲಿಯೇ ಕೊಳವೆಬಾವಿಯ ನೀರಿನಿಂದ ಕೃತಕ ಜಲಪಾತವೊಂದನ್ನು ಹರಿಸುವರು. ಕೊನೆಗೆ ಒಂದೊಂದು ಕೊಠಡಿಗೂ ಒಂದೊಂದು ಪಕ್ಷಿಯ ಹೆಸರನ್ನಿಡುವರು. ಆ ಪಕ್ಷಿ ಗೂಡು ಕಟ್ಟುತ್ತಿದ್ದ ಮರ ಮಾತ್ರ ಅಲ್ಲಿರುವುದಿಲ್ಲ. ಇದನ್ನು ಪ್ರಕೃತಿಯ ಪ್ರೇರಣೆಯೆನ್ನುವುದಾದರೆ, ಜಿಂಕೆಯ ತಲೆಯನ್ನು ಗೋಡೆಗೆ ತೂಗುಹಾಕಿದ ಬೇಟೆಗಾರನನ್ನು ಜಿಂಕೆಯ ಭಕ್ತನೆನ್ನಬೇಕಾದೀತು.

ಹೀಗೆ ಹೇಳಿದ ಮಾತ್ರಕ್ಕೆ ದಣಿದವನಿಗೆ ಕಾಡಿನ ನೆಳಲು ಬೇಡವೆಂದು ಅರ್ಥವಲ್ಲ. ಪಟ್ಟಣವಾಸಿಯ ಆಯಾಸ ನಿಜವಾದುದು; ವೃಕ್ಷಗಳ ನಡುವೆ ಅದು ತಣಿಯುವುದೂ ನಿಜವೇ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ವಿದ್ವಾಂಸನು ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಆಸ್ಪತ್ರೆಯೊಂದರ ದಾಖಲೆಗಳನ್ನು ಪರಿಶೀಲಿಸಿ ಒಂದು ಲೇಖನವನ್ನು ಪ್ರಕಟಿಸಿದನು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ, ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆಯನ್ನು ನೋಡುತ್ತ ಮಲಗಿದ್ದವರಿಗಿಂತ ಬೇಗನೆ ಮನೆಗೆ ಮರಳಿದರೆಂದೂ, ತೀವ್ರವಾದ ನೋವುನಿವಾರಕಗಳು ಅವರಿಗೆ ಕಡಮೆ ಸಾಕಾದುವೆಂದೂ ಅದರಲ್ಲಿ ತೋರಿಸಲಾಗಿದೆ. ಜಪಾನಿನ ಅರಣ್ಯ ಇಲಾಖೆಯು 1982ರಲ್ಲಿಯೇ ‘ಶಿನ್‌ರಿನ್ ಯೋಕು’, ಎಂದರೆ ವನಸ್ನಾನ, ಎಂಬ ಹೆಸರಿನಿಂದ ಕಾಡಿನ ನಡಗೆಯನ್ನು ಜನರಿಗೆ ಬೋಧಿಸಿತು. ಆರೋಗ್ಯಧಾಮಗಳ ಪ್ರಚಾರಕರು ಈ ಬಗೆಯ ನಿದರ್ಶನಗಳನ್ನು ಉತ್ಸಾಹದಿಂದ ಎತ್ತಿ ಹೇಳುವರು. ಆದರೆ ಇವುಗಳಿಂದ ಸಿದ್ಧವಾಗುವುದೇನು? ಒಂದರಲ್ಲಿ ರೋಗಿಗೆ ದೊರೆತುದು ಒಂದು ಕಿಟಕಿ. ಇನ್ನೊಂದರಲ್ಲಿ ನಡೆಯುವವನಿಗೆ ದೊರೆತುದು ಒಂದು ಕಾಲುದಾರಿ. ಈಜುಕೊಳವೂ ಇಲ್ಲ, ದೀಪಮಾಲೆಯೂ ಇಲ್ಲ, ಮಾಳಿಗೆಯವರೆಗೆ ಹತ್ತುವ ಮೋಟಾರು ರಸ್ತೆಯೂ ಇಲ್ಲ. ಗುಣ ಬಂದುದು ನಿಂತ ಮರದಿಂದಲೇ ಹೊರತು ಉರುಳಿದ ಮರದಿಂದಲ್ಲ.

ಈ ದೇಶದ ವೈದ್ಯಶಾಸ್ತ್ರದ ಅಭಿಪ್ರಾಯವೂ ಇದಕ್ಕೆ ದೂರವಾದುದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಆರಂಭದಲ್ಲಿ ರಸಾಯನ ಚಿಕಿತ್ಸೆಗಾಗಿ ಕಟ್ಟತಕ್ಕ ಕುಟಿಯ ವರ್ಣನೆಯುಂಟು: ಒಂದರೊಳಗೊಂದಾಗಿ ಮೂರು ಅಂಕಣ, ದಪ್ಪನೆಯ ಗೋಡೆ, ಸಣ್ಣ ಗವಾಕ್ಷ, ಎಲ್ಲ ಋತುಗಳಲ್ಲಿಯೂ ಸುಖವಾದ ವಾಸ, ಅಹಿತವಾದ ಶಬ್ದಾದಿಗಳು ಸುಳಿಯದ ಸ್ಥಳ. ಚಿಕಿತ್ಸೆಗೆ ಬಂದವನಿಗೆ ಸಾಲುಕೊಠಡಿಗಳ ಅರಮನೆಯನ್ನು ಆ ಗ್ರಂಥವು ವಿಧಿಸಲಿಲ್ಲ. ವಿಧಿಸಿದುದು ಒಂದು ಕುಟಿಯನ್ನು. ಆಯುರ್ವೇದದ ಹೆಸರನ್ನು ಫಲಕದ ಮೇಲೆ ಬರೆಯಿಸಿ, ಅದು ಸ್ಪಷ್ಟವಾಗಿ ಬಯಸಿದ ನಿಶ್ಶಬ್ದವನ್ನು ರಾತ್ರಿಯ ಧ್ವನಿವರ್ಧಕಕ್ಕೆ ಬಲಿಗೊಡುವವರು ಶಾಸ್ತ್ರವನ್ನು ಗೌರವಿಸುವವರಲ್ಲ, ಮಾರುವವರು.

ಇನ್ನು ನೆಲದ ವಿಚಾರ. ಮಡಿಕೇರಿಯ ಸುತ್ತಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುವುದು; ಅದರ ಬಹುಭಾಗ ನಾಲ್ಕು ತಿಂಗಳುಗಳಲ್ಲಿಯೇ ಬೀಳುವುದು. ಅಂಥ ಮಳೆಯಲ್ಲಿ ಗುಡ್ಡ ನಿಂತಿರುವುದು ಹೇಗೆ? ಮರದ ಬೇರುಗಳು ಮಣ್ಣನ್ನು ಹೆಣೆದು ಹಿಡಿದಿರುವುವು. ತೊರೆಗಳು ಹೆಚ್ಚಿನ ನೀರನ್ನು ಕೆಳಕ್ಕೆ ಒಯ್ಯುವುವು. ಇಳಿಜಾರಿನ ಬುಡವು ಮೇಲಿನ ಭಾರಕ್ಕೆ ಊರುಗೋಲಾಗಿರುವುದು. ಕಟ್ಟಡಕ್ಕಾಗಿ ಬುಡವನ್ನು ಕಡಿದರೆ ಊರುಗೋಲು ಹೋಯಿತು. ಮರವನ್ನು ತೆಗೆದರೆ ಹೆಣಿಗೆ ಸಡಿಲವಾಯಿತು. ತೊರೆಯನ್ನು ಮುಚ್ಚಿದರೆ ನೀರು ಮಣ್ಣಿನೊಳಗೇ ಇಂಗಿ, ಕಣಗಳ ಸಂದುಗಳಲ್ಲಿ ಒತ್ತಡವನ್ನು ಹೆಚ್ಚಿಸಿ, ಅವುಗಳ ಪರಸ್ಪರ ಹಿಡಿತವನ್ನು ಬಿಡಿಸಿತು. ಆಮೇಲೆ ಗುಡ್ಡ ಜಾರುವುದಕ್ಕೆ ಒಂದು ರಾತ್ರಿಯ ಮಳೆ ಸಾಕು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣಿನ ಪಾಲಾದುವು. 2019ರ ಆಗಸ್ಟಿನಲ್ಲಿ ವಿರಾಜಪೇಟೆಯ ಕಡೆ ತೋರದಲ್ಲಿಯೂ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಪ್ರಾಣಗಳು ಹೋದುವು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕೈ, ಚೂರಲ್‌ಮಲ ಗ್ರಾಮಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಅತಿವೃಷ್ಟಿಯೇ ಇವಕ್ಕೆ ಮೊದಲ ಕಾರಣವೆಂಬುದರಲ್ಲಿ ವಿವಾದವಿಲ್ಲ; ಪ್ರತಿಯೊಂದು ಕುಸಿತಕ್ಕೂ ವಿಶ್ರಾಂತಿಧಾಮವೇ ಕಾರಣವೆಂದು ಹೇಳುವುದೂ ಅನ್ಯಾಯ. ಆದರೆ ಮಳೆಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಇಳಿಜಾರನ್ನು ಕಡಿಯದಿರುವುದು ಅವನ ಕೈಯಲ್ಲಿಯೇ ಇದೆ.

ಕಟ್ಟಡ ಕಟ್ಟುವವರು ಇಲ್ಲಿ ಒಂದು ಸಮಾಧಾನವನ್ನು ಹೇಳುವರು: ‘ಗೋಡೆ ಮಣ್ಣಿನದು, ಮಾಡು ಹುಲ್ಲಿನದು, ಕಂಬ ಬಿದಿರಿನದು, ಇದಕ್ಕಿಂತ ಪ್ರಕೃತಿಗೆ ಹತ್ತಿರವಾದುದು ಯಾವುದು?’ ಈ ಪ್ರಶ್ನೆಯಲ್ಲಿ ಮೋಸವಿದೆ. ಕಟ್ಟಡದ ಗುಣವನ್ನು ಅದರ ಸಾಮಗ್ರಿಯಿಂದ ಮಾತ್ರ ಅಳೆಯಲಾಗದು. ಅದು ನಿಂತ ನೆಲದಿಂದಲೂ ಅದು ಬಳಸುವ ನೀರಿನಿಂದಲೂ ಅಳೆಯಬೇಕು. ತೊರೆಯ ಪಾತ್ರದಲ್ಲಿ ನಿಂತ ಬಿದಿರಿನ ಮನೆಗಿಂತ, ಗಟ್ಟಿ ನೆಲದ ಮೇಲೆ ನಿಂತ ಹೆಂಚಿನ ಮನೆಯೇ ಪ್ರಕೃತಿಗೆ ಹೆಚ್ಚು ವಿಧೇಯವಾದುದು. ಕೊಡಗಿನ ಐನ್‌ಮನೆಗಳನ್ನು ನೋಡಬಹುದು. ಗದ್ದೆಯ ಬಯಲನ್ನು ಉಳುಮೆಗೆ ಬಿಟ್ಟು, ಅದಕ್ಕಿಂತ ಎತ್ತರದ ಭದ್ರವಾದ ನೆಲದಲ್ಲಿ ಹಿರಿಯರು ಮನೆ ಕಟ್ಟಿದರು. ಸೌದೆಗೂ ಸೊಪ್ಪಿಗೂ ಮೇವಿಗೂ ಬಾಣೆಯ ಮರಗಳನ್ನು ಉಳಿಸಿಕೊಂಡರು. ಅವರು ಪ್ರಕೃತಿಯಿಂದ ಪ್ರೇರಿತರಾದೆವೆಂದು ಎಲ್ಲಿಯೂ ಘೋಷಿಸಲಿಲ್ಲ. ನೀರು ಎಲ್ಲಿ ಹರಿಯುವುದು, ಗಾಳಿ ಎತ್ತಲಿಂದ ಬೀಸುವುದು ಎಂಬುದನ್ನು ತಿಳಿದ ಮೇಲೆ ಗುದ್ದಲಿಯನ್ನು ಎತ್ತಿದರು. ವಿನ್ಯಾಸವೆಂದರೆ ಇದು.

ನೀರಿನ ಲೆಕ್ಕವನ್ನೂ ನೋಡಬೇಕು. 20 ಮೀಟರು ಉದ್ದ, 10 ಮೀಟರು ಅಗಲ, ಒಂದೂವರೆ ಮೀಟರು ಆಳದ ಈಜುಕೊಳವೊಂದಕ್ಕೆ 3 ಲಕ್ಷ ಲೀಟರು ನೀರು ಬೇಕು. ಗ್ರಾಮಗಳ ಮನೆಮನೆಗೆ ನೀರು ಕೊಡುವ ಜಲಜೀವನ ಯೋಜನೆಯು ಒಬ್ಬನಿಗೆ ದಿನಕ್ಕೆ 55 ಲೀಟರೆಂದು ಗೊತ್ತುಮಾಡಿತು. ಎಂದರೆ 500 ಜನರ ಹಳ್ಳಿಯೊಂದಕ್ಕೆ ಸುಮಾರು ಹನ್ನೊಂದು ದಿನ ಸಾಲುವ ನೀರು ಒಂದು ಕೊಳದಲ್ಲಿ ನಿಂತಿರುವುದು. ಬೇಸಗೆಯಲ್ಲಿ ಹೊಳೆಗಳು ಸೊರಗಿ ಹಳ್ಳಿಯ ಹೆಂಗಸರು ಕೊಡ ಹಿಡಿದು ಕಾಯುವಾಗ, ಅದೇ ಗುಡ್ಡದ ಮೇಲೆ ಅತಿಥಿಗಳು ‘ಜಲಚಿಕಿತ್ಸೆ’ಯನ್ನು ಪಡೆಯುವುದಾದರೆ, ಅದು ಯಾರ ಆರೋಗ್ಯದ ವೆಚ್ಚದಲ್ಲಿ ಯಾರಿಗಾದ ಆರೋಗ್ಯ?

ಕಾಡಿಗೆ ಮನುಷ್ಯನಿಗಿಂತ ಹಳೆಯ ವಾರಸುದಾರರಿದ್ದಾರೆಂಬುದನ್ನೂ ಮರೆಯಲಾಗದು. ಬಂಡೀಪುರದ ಎಲ್ಲೆಯಾಚೆ, ನೀಲಗಿರಿಯ ಸೀಗೂರು ಪ್ರಸ್ಥಭೂಮಿಯಲ್ಲಿ ಆನೆಗಳು ನಡೆದಾಡುವ ದಾರಿಯ ಮೇಲೆಯೇ ವಿಶ್ರಾಂತಿಧಾಮಗಳು ಎದ್ದಿದ್ದುವು. ತಮಿಳುನಾಡು ಸರಕಾರವು 2010ರಲ್ಲಿ ಆ ಪ್ರದೇಶವನ್ನು ಆನೆದಾರಿಯೆಂದು ಪ್ರಕಟಿಸಿತು. 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 2020ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನೇ ಸ್ಥಿರಪಡಿಸಿತು. ಕಟ್ಟಿದ ಮೇಲೆ ಕೆಡವಿಸುವ ಈ ಹತ್ತು ವರ್ಷಗಳ ವ್ಯಾಜ್ಯದಿಂದ ಆನೆಗೂ ಸುಖವಾಗಲಿಲ್ಲ, ಬಂಡವಾಳ ಹೂಡಿದವನಿಗೂ ಲಾಭವಾಗಲಿಲ್ಲ. ಅನುಮತಿ ಕೊಡುವ ದಿನ ಒಂದು ನಕ್ಷೆಯನ್ನು ಬಿಚ್ಚಿ ನೋಡಿದ್ದರೆ ಇಷ್ಟೂ ತಪ್ಪುತ್ತಿತ್ತು.

ವಿರೋಧಿಗಳ ಬಲವಾದ ವಾದವೊಂದಿದೆ. ಅದನ್ನು ಕಡೆಗಣಿಸುವುದು ಸರಿಯಲ್ಲ. ಕಾಫಿಯ ಬೆಲೆ ಬಿದ್ದಾಗ, ಕರಿಮೆಣಸಿನ ಬಳ್ಳಿ ರೋಗದಿಂದ ಒಣಗಿದಾಗ ಬೆಳೆಗಾರನು ಜೀವಿಸುವುದು ಹೇಗೆ? ಹಳ್ಳಿಯ ಯುವಕರಿಗೆ ಉದ್ಯೋಗವೆಲ್ಲಿ? ನ್ಯಾಯವಾದ ಪ್ರಶ್ನೆ. ಉತ್ತರವೂ ಅದರೊಳಗೇ ಇದೆ. ಬೆಳೆಗಾರನು ತನ್ನ ಮನೆಯಲ್ಲಿರುವ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು, ತಾನು ಉಣ್ಣುವ ಅನ್ನವನ್ನೇ ಅವರಿಗೂ ಬಡಿಸಿದರೆ, ಅದಕ್ಕಾಗಿ ಗುಡ್ಡವನ್ನು ಕಡಿಯಬೇಕಾಗಿಲ್ಲ. ಹಣವೂ ಊರಿನಲ್ಲಿಯೇ ಉಳಿಯುವುದು. ಇದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಈ ಬಡ ಬೆಳೆಗಾರನ ಹೆಸರನ್ನು ಮುಂದಿಟ್ಟುಕೊಂಡು, ದೂರದ ನಗರದ ಬಂಡವಾಳಗಾರನು ನೂರು ಕೊಠಡಿಗಳನ್ನು ಕಟ್ಟಲು ಹೊರಟಾಗ, ವಾದದ ಬಣ್ಣ ಬಯಲಾಗುವುದು. ಅಲ್ಲಿ ಲೈನುಮನೆಯ ಹುಡುಗನಿಗೆ ದೊರೆಯುವುದು ಕಸ ಗುಡಿಸುವ ಕೆಲಸ. ಲಾಭ ಹೋಗುವುದು ಬೇರೆ ಊರಿಗೆ. ಕೆಂಪುನೀರು ಇಳಿಯುವುದು ಕೆಳಗಿನವನ ಗದ್ದೆಗೆ.

ಸರಕಾರಗಳ ನಡೆಯೂ ಹೆಮ್ಮೆಪಡತಕ್ಕುದಲ್ಲ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞಮಂಡಲಿ ಪಶ್ಚಿಮಘಟ್ಟಗಳ ವರದಿಯನ್ನು 2011ರಲ್ಲಿ ಒಪ್ಪಿಸಿತು. ಅದು ಕಠಿನವಾಯಿತೆಂಬ ಕೂಗೆದ್ದಾಗ ಕಸ್ತೂರಿರಂಗನ್ ಅವರ ಸಮಿತಿ ನೇಮಕವಾಗಿ, 2013ರಲ್ಲಿ ಘಟ್ಟಗಳ ಸುಮಾರು ಶೇಕಡಾ 37 ಭಾಗವನ್ನು ಸೂಕ್ಷ್ಮಪ್ರದೇಶವೆಂದು ಗುರುತಿಸಿತು. 2014ರಿಂದ 2024ರವರೆಗೆ ಕೇಂದ್ರ ಸರಕಾರವು ಆರು ಕರಡು ಅಧಿಸೂಚನೆಗಳನ್ನು ಹೊರಡಿಸಿತು. ಆರನೆಯದು ಹೊರಟುದು 2024ರ ಜುಲೈ 31ರಂದು, ವಯನಾಡು ಕುಸಿದ ಮರುದಿನ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವಸಂಪುಟವು ಆ ವರದಿಯನ್ನು ತಿರಸ್ಕರಿಸಿತು. ಗ್ರಾಮಸ್ಥರ ಭಯಗಳಿಗೆ ಆಧಾರವಿಲ್ಲದಿರಲಿಲ್ಲ. ದೂರದಲ್ಲಿ ಕುಳಿತು ಗೆರೆಯೆಳೆದವರನ್ನು ಹಳ್ಳಿ ನಂಬದಿರುವುದು ಸಹಜ. ಆದರೆ ವರದಿಯನ್ನು ಬೇಡವೆಂದವರು ಅದರ ಬದಲಿಗೆ ಏನನ್ನು ಕೊಟ್ಟರು? ಗೆರೆಯೇ ಇಲ್ಲದ ಕಡೆ ಲಾಭವಾಗುವುದು ಬಡವನಿಗಲ್ಲ, ಯಂತ್ರವುಳ್ಳವನಿಗೆ.

ಬೇರೆ ದೇಶಗಳು ತಪ್ಪು ಮಾಡದೆ ಇಲ್ಲ. ಆದರೆ ಕೆಲವು ಪಾಠಗಳನ್ನು ಕಲಿತಿವೆ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ 2009ರ ಫೆಬ್ರುವರಿ 7ರ ಕಾಡ್ಗಿಚ್ಚಿಗೆ 173 ಜನ ಬಲಿಯಾದರು. ಅಲ್ಲಿ ಕಾಡುಸೀಮೆಯಲ್ಲಿ ಮನೆ ಕಟ್ಟುವವನು ಸುತ್ತಲಿನ ಸಸ್ಯಗಳ ಜಾತಿ, ಅವುಗಳಿಂದ ಮನೆಗಿರುವ ದೂರ, ನೆಲದ ಇಳಿಜಾರು ಇವುಗಳನ್ನು ಅಳೆಯಿಸಿ, ಬೆಂಕಿಯ ಅಪಾಯದ ದರ್ಜೆಗೆ ತಕ್ಕಂತೆ ಕಟ್ಟಬೇಕು. ಆದರೂ ಕಾಂಗರೂ ದ್ವೀಪದ ಪ್ರಖ್ಯಾತ ವಿಶ್ರಾಂತಿಧಾಮವೊಂದು 2020ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಎಂದರೆ ಅಳತೆಯಿದ್ದರೂ ಕಾಡು ಅಪಾಯವೇ. ಅಳತೆಯೇ ಇಲ್ಲದ ಕಡೆ ಹೇಳುವುದೇನಿದೆ? ಸಿಂಹಳದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕಂದಲಮದಲ್ಲಿ ಅತಿಥಿಗೃಹವನ್ನು ರಚಿಸುವಾಗ, ಸಿಗಿರಿಯ ಬಂಡೆಯ ಬಳಿ ಸೂಚಿಸಿದ್ದ ಸ್ಥಳವನ್ನು ಬಿಟ್ಟು ದೂರದ ಬೆಟ್ಟದ ಪಕ್ಕೆಯನ್ನು ಆರಿಸಿದನು. ಬಂಡೆಯನ್ನು ಒಡೆಯದೆ ಅದರ ಬಳುಕಿಗೆ ತಕ್ಕಂತೆ ಕಟ್ಟಡವನ್ನು ಬಳುಕಿಸಿದನು. ಆ ಕಟ್ಟಡಕ್ಕೂ ಕೆರೆ ಕೆಡುವುದೆಂಬ ಭಯದಿಂದ ಸ್ಥಳೀಯರ ಪ್ರತಿಭಟನೆ ತಪ್ಪಲಿಲ್ಲ. ಪ್ರಶ್ನಿಸುವ ಜನರಿದ್ದುದು ಆ ನಾಡಿನ ಭಾಗ್ಯ.

ಆದುದರಿಂದ ಜಿಲ್ಲೆಯ ಜನ ಕೇಳಬೇಕಾದುದು ನಿಷೇಧವನ್ನಲ್ಲ, ಕ್ರಮವನ್ನು. ಸಾಗುವಳಿಯ ಭೂಮಿಯನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸಲು 1964ರ ಭೂಕಂದಾಯ ಕಾಯಿದೆಯಂತೆ ಜಿಲ್ಲಾಧಿಕಾರಿಯ ಮುಂದೆ ಹೋಗಬೇಕಾಗಿರುವುದು. ಆ ಹೊಸ್ತಿಲಿನಲ್ಲಿಯೇ ಕೆಲವು ಪ್ರಶ್ನೆಗಳನ್ನು ಕೇಳಲಿ. ಇಳಿಜಾರೆಷ್ಟು, ಅದನ್ನು ಕಡಿಯದೆ ಕಂಬಗಳ ಮೇಲೆ ಕಟ್ಟಲಾಗುವುದೆ? ತೊರೆಗಳೆಷ್ಟು, ಅವುಗಳ ಎರಡು ದಡಗಳನ್ನೂ ಮುಟ್ಟದೆ ಬಿಡುವರೆ? ಬೇಸಗೆಯ ನೀರು ಎಲ್ಲಿಂದ ಬರುವುದು, ಮಳೆಯ ನೀರನ್ನು ಎಷ್ಟು ಕೂಡಿಡುವರು? ಹೊಲಸು ನೀರು ಎತ್ತ ಹೋಗುವುದು? ಆನೆಯ ದಾರಿ ಯಾವುದು? ಮುಂಗಾರಿಗೆ ಮುನ್ನ ಮಿಣುಕುಹುಳುಗಳು ಮಿನುಗುವ ಕಾಲದಲ್ಲಿ ದೀಪಗಳನ್ನು ಆರಿಸುವರೆ? ಪೀಠೋಪಕರಣಕ್ಕೆ ಮರ ಬೇಕಾದರೆ ಕಾಡನ್ನು ಮುತ್ತಿರುವ ಲಂಟಾನವಿದೆ; ಸೋಲಿಗರು ಅದರಿಂದ ಕುರ್ಚಿ ಮೇಜುಗಳನ್ನು ಹೆಣೆಯುವುದನ್ನು ಕಲಿತು ತೋರಿಸಿದ್ದಾರೆ. ಈ ಪ್ರಶ್ನೆಗಳಿಗೆ ಉತ್ತರವುಳ್ಳವನು ಕಟ್ಟಲಿ; ಇಲ್ಲದವನು ಪಟ್ಟಣದಲ್ಲಿಯೇ ಕಟ್ಟಿ, ಅಲ್ಲಿ ನಾಲ್ಕು ಮರಗಳನ್ನು ನೆಡಲಿ. ಉಲ್ರಿಚ್‌ನ ರೋಗಿಗಳಿಗೆ ಅಷ್ಟೇ ಸಾಕಾಗಿತ್ತು.

ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳುಂಟು. ಅಲ್ಲಿ ಕೊಡಲಿ ಆಡಕೂಡದೆಂಬುದು ಹಿರಿಯರ ಕಟ್ಟು. ಅದನ್ನು ವಿಧಿಸಿದವರು ವನಶಾಸ್ತ್ರವನ್ನು ಓದಿದವರಲ್ಲ. ಆದರೆ ಮುಟ್ಟಬಾರದ ನೆಲವೊಂದು ಇದ್ದೇ ತೀರಬೇಕೆಂಬುದನ್ನು ತಿಳಿದವರು. ಕಾಲಾಂತರದಲ್ಲಿ ಆ ಕಾಡುಗಳಲ್ಲಿಯೂ ಒತ್ತುವರಿಯಾದುದು ನಿಜ. ಉಳಿದುದು ಇನ್ನೂ ಉಳಿದಿರುವುದೂ ನಿಜ. ದಣಿದವನು ಅದರ ಅಂಚಿನಲ್ಲಿ ಪಾದರಕ್ಷೆಯನ್ನು ಬಿಟ್ಟು ಒಂದು ಗಳಿಗೆ ನಿಂತರೆ, ಅವನು ಹುಡುಕಿ ಬಂದುದು ಅಲ್ಲಿ ದೊರೆಯುವುದು. ಅದಕ್ಕೆ ಶುಲ್ಕವಿಲ್ಲ. ಕಾಡನ್ನು ಕಾಡಾಗಿಯೇ ಬಿಟ್ಟರೆ ಅದು ಎಲ್ಲರಿಗೂ ಆರೋಗ್ಯಧಾಮ; ಕಡಿದು ಕಟ್ಟಿದರೆ ಕೆಲವರಿಗೆ ಕೆಲವು ವರ್ಷ ವ್ಯಾಪಾರ, ಉಳಿದವರಿಗೆ ಕುಸಿಯುವ ಗುಡ್ಡ. ಈ ಎರಡರಲ್ಲಿ ಯಾವುದು ಬೇಕೆಂಬುದನ್ನು ಮುಂದಿನ ಮುಂಗಾರಿಗೆ ಮುಂಚೆಯೇ ತೀರ್ಮಾನಿಸುವುದು ಲೇಸು.