ಹಲಗೆಗೆ ಸಲ್ಲಬೇಕಾದ ಮಾನ

ಸುರಪುರ-ಶಹಾಪುರ ಸೀಮೆಯ ಜಾತ್ರೆಯ ಕುಸ್ತಿಯನ್ನು ಕಂಡವರಿಗೆ ಪೈಲವಾನನು ಕಣಕ್ಕೆ ಇಳಿಯುವ ಬಗೆಯನ್ನು ನಾವು ಬಣ್ಣಿಸಬೇಕಾದುದಿಲ್ಲ. ಮೊದಲು ಕಿವಿಗೆ ಬೀಳುವುದು ಹಲಗೆಯ ನಾದ. ಅನಂತರ ಕಣ್ಣಿಗೆ ಬೀಳುವವನು ಪೈಲವಾನ. ಅವನು ಕಣದ ಮಣ್ಣನ್ನು ಮುಟ್ಟಿ ನಮಸ್ಕರಿಸಿ, ತೊಡೆ ತಟ್ಟಿ, ನೆರೆದ ಜನಕ್ಕೆ ಕೈಯೆತ್ತಿ ಒಂದು ಸುತ್ತು ಬರುವವರೆಗೂ ಹಲಗೆಯ ಪೆಟ್ಟು ಅವನ ಹೆಜ್ಜೆಯೊಡನೆ ಹೆಜ್ಜೆ ಹಾಕುತ್ತದೆ. ಕಾಯಿ ಕುಸ್ತಿಯ ಹುಡುಗನಿಂದ ಹಿಡಿದು ಬೆಳ್ಳಿಯ ಖಡೆಗಾಗಿ ಸೆಣಸುವ ಹೆಸರಾಂತ ಮಲ್ಲನವರೆಗೆ ಎಲ್ಲರಿಗೂ ಈ ಸ್ವಾಗತ ಒಂದೇ.

ಈ ಪದ್ಧತಿಗೆ ಈಗ ಸಂಚಕಾರ ಒದಗಿದೆ. ಹಲಗೆಯವರನ್ನು ಕರೆಸುವ ಬದಲು ಧ್ವನಿವರ್ಧಕದಲ್ಲಿ ಸಿನೆಮಾ ಹಾಡೊಂದನ್ನು ಹಾಕಿ ಪೈಲವಾನನನ್ನು ಬರಮಾಡಿಕೊಳ್ಳುವುದು ಸುಲಭವೆಂದೂ ನವೀನವೆಂದೂ ಕೆಲವು ಜಾತ್ರಾ ಕಮಿಟಿಗಳವರು ಎಣಿಸಿದಂತಿದೆ. ಇದಕ್ಕೆ ಮೇಲ್ಪಂಕ್ತಿ ದೂರದಿಂದ ಬಂದುದು. ಅಮೆರಿಕದ ಸರ್ವೈವರ್ ಎಂಬ ವಾದ್ಯವೃಂದವು 1982ರಲ್ಲಿ ರಾಕಿ ಚಿತ್ರಮಾಲೆಯ ಮೂರನೆಯ ಚಿತ್ರಕ್ಕಾಗಿ ಕಟ್ಟಿದ ‘ಐ ಆಫ್ ದಿ ಟೈಗರ್’ ಹಾಡು ಮುಷ್ಟಿಯುದ್ಧದ ಕಣಗಳಿಂದ ಆರಂಭಿಸಿ ಲೋಕದ ಮೈದಾನಗಳನ್ನೆಲ್ಲ ಸುತ್ತಿತು. ನಮ್ಮಲ್ಲಿ 2008ರ ಐಪಿಎಲ್ ಕ್ರಿಕೆಟ್ಟೂ 2014ರ ಪ್ರೊ ಕಬಡ್ಡಿಯೂ ಬಂದ ಮೇಲೆ ಅಬ್ಬರದ ಸಂಗೀತವಿಲ್ಲದೆ ಆಟವೇ ಇಲ್ಲವೆಂಬಂತಾಗಿದೆ.

ಆಟಕ್ಕೆ ಸಂಗೀತ ಬೇಡವೆಂದು ನಾವು ಹೇಳುತ್ತಿಲ್ಲ. ನಾದವು ಅಂಜಿದವನ ಎದೆಗೆ ಧೈರ್ಯವನ್ನೂ ದಣಿದವನ ಕಾಲಿಗೆ ಚೈತನ್ಯವನ್ನೂ ಕೊಡಬಲ್ಲದೆಂಬುದು ಅನುಭವಸಿದ್ಧವಾದ ಸಂಗತಿ. ನಮ್ಮ ಆಕ್ಷೇಪಣೆ ಇರುವುದು ಬೇರೆಡೆ. ಮುದ್ರಿತವಾದ ಹಾಡಿಗೆ ಕಣ್ಣಿಲ್ಲ, ಹಲಗೆಯವನಿಗೆ ಕಣ್ಣುಂಟು. ಪಟ್ಟು ಬಿಗಿಯಾದಾಗ ಅವನ ಪೆಟ್ಟು ಬಿರುಸಾಗುತ್ತದೆ. ಜೋಡಿ ಬಿಡಿಸಿಕೊಂಡು ದೂರ ಸರಿದಾಗ ನಿಧಾನವಾಗುತ್ತದೆ. ಬೆನ್ನು ಮಣ್ಣಿಗೆ ತಾಗಿದ ಕ್ಷಣದಲ್ಲಿ ಸಿಡಿಲಿನಂತೆ ಎರಗುತ್ತದೆ. ಚರ್ಮವು ಸಡಿಲಾದರೆ ಹುಲ್ಲಿನ ಬೆಂಕಿಗೆ ಹಿಡಿದು ಕಾಸಿ, ನಾದವನ್ನು ಹದಕ್ಕೆ ತರುವ ಜಾಣ್ಮೆಯೂ ಅವನದೇ. ಕುಸ್ತಿಯನ್ನು ಓದಬಲ್ಲ ಇಂಥ ವಾದ್ಯಗಾರನು ಕಣದ ಮೂರನೆಯ ಮಲ್ಲನೇ ಸರಿ.

ಹಾಗಿದ್ದರೂ ಈ ಮೂರನೆಯ ಮಲ್ಲನನ್ನು ನಾವು ನಡೆಸಿಕೊಂಡು ಬಂದ ರೀತಿ ಎಂತಹದು? ಹಲಗೆ ಬಾರಿಸುವವರು ಬಹುಮಟ್ಟಿಗೆ ಊರ ಹೊರಗಿನ ದಲಿತ ಕೇರಿಗಳವರು. ದೇವರ ಉತ್ಸವಕ್ಕೂ, ಹೆಣದ ಮೆರವಣಿಗೆಗೂ, ಮಲ್ಲನ ಸ್ವಾಗತಕ್ಕೂ ಅವರ ನಾದ ಬೇಕು; ಊಟದ ಪಂಕ್ತಿಗೆ ಮಾತ್ರ ಅವರು ಬೇಡ. ದುಡಿಮೆಗೆ ಗೊತ್ತಾದ ಕೂಲಿಯಿಲ್ಲ, ಕೊಟ್ಟದ್ದೇ ಪ್ರಸಾದ. ಬಹುಮಾನ ಕೊಟ್ಟ ಸಾಹುಕಾರರ ಹೆಸರುಗಳಿಂದ ಕುಸ್ತಿಯ ಕರಪತ್ರ ತುಂಬಿರುತ್ತದೆ; ಹಲಗೆಯವನ ಹೆಸರಿಗೆ ಅದರಲ್ಲಿ ಒಂದು ಸಾಲಿನ ಸ್ಥಳವಿಲ್ಲ.

ಪ್ರಾಚೀನ ಗ್ರೀಸ್ ದೇಶದ ಒಲಿಂಪಿಯಾದಲ್ಲಿ ಪಂಚಕ್ರೀಡೆಯ ಸ್ಪರ್ಧಾಳುಗಳು ಜಿಗಿಯುವಾಗ ಕೊಳಲು ನುಡಿಸುವ ವಾಡಿಕೆಯಿದ್ದಿತು. ಪೈಥೋಕ್ರಿಟಸ್ ಎಂಬ ವಾದಕನು ಹೀಗೆ ಆರು ಸಲ ಅಲ್ಲಿ ನುಡಿಸಿದನು. ಅವನ ಸ್ಮಾರಕ ಫಲಕವು ಕ್ರೀಡಾವೀರರ ಪ್ರತಿಮೆಗಳ ಮಗ್ಗುಲಲ್ಲಿಯೇ ನಿಂತಿದ್ದುದನ್ನೂ ಅದರ ಮೇಲೆ ಅವನ ಹೆಸರು ಕೆತ್ತಿದ್ದುದನ್ನೂ ಕ್ರಿ. ಶ. 2ನೆಯ ಶತಮಾನದ ಪ್ರವಾಸಿ ಪೌಸೇನಿಯಸನು ಬರೆದಿಟ್ಟಿದ್ದಾನೆ. ಆ ಜನ ಕಲ್ಲಿನ ಮೇಲೆ ಮಾಡಿದುದನ್ನು ನಾವು ಕಾಗದದ ಮೇಲಾದರೂ ಮಾಡಲಾರೆವೆ?

ಕೇರಿಯ ತರುಣರಲ್ಲಿ ಅನೇಕರು ಈಗ ಹಲಗೆಯನ್ನು ಮುಟ್ಟಲೊಲ್ಲರು. ಅವರನ್ನು ದೂರುವುದು ಅನ್ಯಾಯ. ಅವರು ಬಿಡುತ್ತಿರುವುದು ಕಲೆಯನ್ನಲ್ಲ, ಅದಕ್ಕೆ ಅಂಟಿಸಿದ ಅವಮಾನವನ್ನು. ಈ ಸೀಮೆ 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿಯಿಂದ ಬಿಡುಗಡೆ ಪಡೆಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಸ್ವತಂತ್ರ ದೇಶದಲ್ಲಿ ವಾದ್ಯವು ಯಾರೊಬ್ಬರ ಹುಟ್ಟಿನ ಬಿಟ್ಟಿಚಾಕರಿಯಾಗಿ ಉಳಿಯಕೂಡದು.

ಆದುದರಿಂದ ಜಾತ್ರಾ ಕಮಿಟಿಗಳವರಲ್ಲಿಯೂ ಸಂಬಂಧಪಟ್ಟ ಅಧಿಕಾರಿಗಳಲ್ಲಿಯೂ ನಮ್ಮ ಸೂಚನೆಗಳು ಇಷ್ಟೇ. ಹಲಗೆಯವರ ಸಂಭಾವನೆಯನ್ನು ಮುಂಚಿತವಾಗಿ ಗೊತ್ತುಪಡಿಸಿ, ಪೈಲವಾನರ ಬಹುಮಾನ ಕೊಡುವ ವೇದಿಕೆಯ ಮೇಲೆಯೇ ಕೊಡತಕ್ಕದ್ದು. ಅವರ ಹೆಸರುಗಳು ಕರಪತ್ರದಲ್ಲಿ ಅಚ್ಚಾಗತಕ್ಕದ್ದು. ಊಟಕ್ಕೆ ಎಲ್ಲರೊಡನೆ ಒಂದೇ ಪಂಕ್ತಿ. ಬಾರಿಸಲೊಲ್ಲದವರನ್ನು ಬಲಾತ್ಕರಿಸಕೂಡದು; ಕಲಿಯಬಯಸುವವರಿಗೆ, ಅವರು ಯಾವ ಜಾತಿಯವರಾದರೂ ಸರಿ, ತಾಲೀಮಿನಲ್ಲಿಯೇ ಹಲಗೆಯ ಪಾಠವೂ ನಡೆಯಲಿ.

ಇದು ಹೊಸ ಉಪದೇಶವೆಂದು ಕೆಂಭಾವಿಯವರಾದರೂ ಹೇಳಲಾರರು. ಈ ಊರಿನ ಶರಣ ಭೋಗಣ್ಣನು ಅಂತ್ಯಜನ ವೇಷದಲ್ಲಿ ಬಂದ ಶಿವನನ್ನು ಮನೆಯೊಳಗೆ ಕರೆದು ಉಣಿಸಿದನೆಂದೂ, ಆ ತಪ್ಪಿಗೆ ಅವನನ್ನು ಹೊರಗಟ್ಟಿದಾಗ ಊರಿನ ಲಿಂಗಗಳೆಲ್ಲ ಅವನ ಬೆನ್ನುಹತ್ತಿ ಹೊರಟವೆಂದೂ ಪರಂಪರೆಯ ಕಥೆ ಸಾರುತ್ತದೆ. ಮಾನವಿಲ್ಲದ ಊರಿನಲ್ಲಿ ದೇವರೂ ನಿಲ್ಲಲಿಲ್ಲ, ಹಲಗೆ ನಿಂತೀತೆ?