ಫೋಟೋ ನಮ್ಮದು, ಕೀವರ್ಡ್ ಯಾರದು?



ಮೊನ್ನೆ ಆಫೀಸಲ್ಲಿ ಊಟದ ಬಿಡುವಿನಲ್ಲಿ ಮೇ 1ರ ಪೋಸ್ಟರ್‌ಗೆ ಫೋಟೋ ಹುಡುಕ್ತಾ ಇದ್ದೆ. ಒಂದು ಸ್ಟಾಕ್ ಫೋಟೋ ಸೈಟಲ್ಲಿ ಪೌರಕಾರ್ಮಿಕ ಅಕ್ಕನ ಚಿತ್ರ ಸಿಕ್ತು. ಕೈಯಲ್ಲಿ ಪೊರಕೆ, ಮುಖದಲ್ಲಿ ನಗು. ಕೆಳಗಿದ್ದ ಕೀವರ್ಡ್ ನೋಡಿ ಹೊಟ್ಟೆ ಉರೀತು: ಬಡತನ, ಕೊಳಕು, ಸ್ಲಂ, ಅಸಹಾಯಕ. ‘ಕಾರ್ಮಿಕ’ ಅನ್ನೋ ಪದವೇ ಇಲ್ಲ!

ಅಂದ್ರೆ ‘ದುಡಿಯುವ ಮಹಿಳೆ’ ಅಂತ ಹುಡುಕಿದವರಿಗೆ ಆ ಅಕ್ಕ ಸಿಗಲ್ಲ. ‘ಕೊಳಕು’ ಅಂತ ಹುಡುಕಿದವರಿಗೆ ಸಿಗ್ತಾರೆ. ಕೀವರ್ಡ್ ಹಾಕೋದು ಅಂದ್ರೆ ಹೆಸರಿಡೋದು. ನಮಗೆ ಹೆಸರಿಡೋ ಅಧಿಕಾರ ಇಷ್ಟು ಕಾಲ ಯಾರ ಕೈಲಿತ್ತು ಅಂತ ಬೇರೆ ಹೇಳಬೇಕಾ?

ನಮ್ಮ ಹುಡುಗರು ಫೋಟೋ, ವಿಡಿಯೋ ಚೆನ್ನಾಗೇ ತೆಗೀತಾರೆ. ಕೀವರ್ಡ್ ಮಾತ್ರ ಕಾಟಾಚಾರಕ್ಕೆ. ಅಡೋಬಿ ಸ್ಟಾಕ್‌ನಲ್ಲಿ 49 ಕೀವರ್ಡ್ ಹಾಕಬಹುದು, ಮೊದಲ 10ಕ್ಕೇ ತೂಕ ಹೆಚ್ಚು. ಆ ಹತ್ತರಲ್ಲಿ ಯಾರು, ಏನು ಕೆಲಸ, ಎಲ್ಲಿ ಅನ್ನೋದು ಬರಲಿ: ಪೌರಕಾರ್ಮಿಕರು, ಮಹಿಳೆ, ದುಡಿಮೆ, ಬೀದಿ, ಕರ್ನಾಟಕ. ವಿಡಿಯೋ ಆದ್ರೆ ನಡೀತಿರೋ ಕ್ರಿಯೆ ಸೇರಿಸಿ: ಗುಡಿಸುವುದು, ಮೆರವಣಿಗೆ, ಘೋಷಣೆ. ಚಿತ್ರದಲ್ಲಿ ಇಲ್ಲದ್ದನ್ನ ತುರುಕಬೇಡಿ.

ಇನ್ನೊಂದು ಮಾತು. ಅಂಬೇಡ್ಕರ್ ಜಯಂತಿ ಮೆರವಣಿಗೆಗೆ ‘ದಲಿತ ಚಳವಳಿ’ ಅಂತ ಧೈರ್ಯವಾಗಿ ಹಾಕಿ. ಆದ್ರೆ ಒಬ್ಬರ ಜಾತೀನ ಅವರನ್ನ ಕೇಳದೆ ಕೀವರ್ಡ್ ಮಾಡಬೇಡಿ. ಪೊರಕೆ ನೋಡಿ ಜಾತಿ ಊಹಿಸೋದು ಅವರ ಚಾಳಿ, ನಮಗೆ ಬೇಡ.

ಅಪ್‌ಲೋಡ್ ಒತ್ತೋ ಮುಂಚೆ ಆ ಪಟ್ಟೀನ ಫೋಟೋದಲ್ಲಿರೋ ಅಕ್ಕನಿಗೇ ಓದಿ ಹೇಳಿ. ಯಾವ ಪದಕ್ಕೆ ಅವರ ಮುಖ ಬಾಡುತ್ತೋ ಅದನ್ನ ಅಳಿಸಿ.