ಏನಾಗ್ತದ ಬಿಡ್ರಿ ಅನ್ನುವವರಿಗೆ

ಮೀನು ಹೃದಯಕ್ಕೆ ಒಳ್ಳೆಯದು ಅನ್ನುವ ಮಾತು ಬಳಿಚಕ್ರದಂಥ ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೂ ಗೊತ್ತು. ಭಾನುವಾರ ಸಂಜೆ ರಸ್ತೆ ಬದಿಯ ಬಂಡಿಯ ಮುಂದೆ ನಿಂತು ಎರಡನೇ ಪ್ಲೇಟಿಗೆ ಕೈಚಾಚುವವನ ಬಾಯಲ್ಲೂ ಅದೇ ಮಾತು: “ಮಟನ್ ಬಿಟ್ಟೀನ್ರಿ, ಈಗ ಬರೇ ಮೀನು. ಡಾಕ್ಟರೇ ಹೇಳ್ಯಾರ.” ಡಾಕ್ಟರು ಹೇಳಿದ್ದು ಮೀನು, ಈತ ತಿನ್ನುತ್ತಿರುವುದು ಎಣ್ಣೆ. ಮೀನಿನ ಹೆಸರಿನಲ್ಲಿ ಎಣ್ಣೆ ತಿಂದು ಅದನ್ನು ಆರೋಗ್ಯದ ಖಾತೆಗೆ ಬರೆದುಕೊಳ್ಳುವ ಈ ಖೊಟ್ಟಿ ಲೆಕ್ಕ ಇನ್ನಾದರೂ ನಿಲ್ಲಬೇಕು.

ಆ ಬಂಡಿಯ ಕಡಾಯಿಯನ್ನು ಒಮ್ಮೆ ಬಗ್ಗಿ ನೋಡಿದ್ದೀರಾ? ಎಣ್ಣೆ ಹಾಲಿಲ್ಲದ ಚಹಾದ ಡಿಕಾಕ್ಷನ್‌ನಂತೆ ಕಪ್ಪಿಟ್ಟಿರುತ್ತದೆ. ಮೀನು ಬಿಟ್ಟ ಕೂಡಲೇ ಎದ್ದ ನೊರೆ ಬೇಗ ಇಳಿಯುವುದಿಲ್ಲ. ಹೊಗೆಗೆ ಕಣ್ಣು ಉರಿಯುತ್ತದೆ. ತಳದಲ್ಲಿ ಸುಟ್ಟು ಕರಕಲಾದ ಹಿಟ್ಟಿನ ಚೂರುಗಳನ್ನು ಜಾಲರಿ ಸೌಟಿನಿಂದ ಎತ್ತಿ ಹಾಕಿ, ಅದೇ ಎಣ್ಣೆಯ ಮೇಲೆ ಇನ್ನೊಂದು ಪಾಕೀಟು ಒಡೆದು ಸುರಿಯುತ್ತಾರೆ. ಹಳೆಯದು ಖಾಲಿಯಾಗುವ ದಿನ ಬರುವುದೇ ಇಲ್ಲ. ಬೆಳಿಗ್ಗೆ ಮಿರ್ಚಿ ಬೆಂದದ್ದರಲ್ಲೇ ಸಂಜೆ ಮೀನು. ಮೈದಾ, ಕಾರ್ನ್‌ಫ್ಲೋರ್, ಕೆಂಪು ಬಣ್ಣ ಮೆತ್ತಿಕೊಂಡ ತುಣುಕು ಕಡಾಯಿಯಿಂದ ಹೊರಬರುವಾಗ ಅದರೊಳಗಿನ ಮೀನಿಗಿಂತ ಹೊರಗಿನ ಕವಚವೇ ದಪ್ಪ. ಎಣ್ಣೆ ಹೀರುವುದೂ ಆ ಕವಚವೇ. ಆಮೇಲೆ ಬಂಡಿಯವನು ಅದನ್ನು ಹಳೆಯ ಪೇಪರಿನಲ್ಲಿ ಒತ್ತಿ ‘ಎಣ್ಣಿ ತೆಗದೀನ್ರಿ’ ಅನ್ನುತ್ತಾನೆ. ಎಣ್ಣೆ ಕಾಗದಕ್ಕೆ ಹೋಗುತ್ತದೆ, ಕಾಗದದ ಮಸಿ ಮೀನಿಗೆ ಬರುತ್ತದೆ.

ಕಾನೂನು ಇಲ್ಲವೆಂದಲ್ಲ. ಪದೇ ಪದೇ ಕಾಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶಗಳು ಶೇ 25 ದಾಟಿದರೆ ಆ ಎಣ್ಣೆ ಅಡುಗೆಗೆ ಸಲ್ಲದು ಎಂಬ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ವೆಜ್, ಚಿಕನ್, ಫಿಶ್ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿತು. ತಪ್ಪಿದರೆ 7 ವರ್ಷದಿಂದ ಜೀವಾವಧಿಯವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಎಚ್ಚರಿಸಿತು. ಆದರೆ ಬಂಡಿಯವನನ್ನು ಕೇಳಿ ನೋಡಿ. “ಬಣ್ಣ ಹಾಕ್ಲಿಲ್ಲಂದ್ರ ಮಂದಿ ತಗೊಳ್ಳಂಗಿಲ್ರಿ” ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಕೆಂಪಗಿಲ್ಲದ ಮೀನನ್ನು ನೋಡಿ ಮೂಗು ಮುರಿಯುವವರು ನಾವೇ. ಅಧಿಕಾರಿ ಬಂದು ಕಡಾಯಿ ಕವುಚಲಿ ಎಂದು ಕಾಯುವ ಮೊದಲು ನಮ್ಮ ನಾಲಗೆಗೆ ಕಡಿವಾಣ ಹಾಕಬೇಕು.

ಕರಿದರೇನು, ಬೇಯಿಸಿದರೇನು, ಮೀನು ಮೀನೇ ಅಲ್ಲವೇ ಎಂದು ವಾದಿಸುವವರಿದ್ದಾರೆ. ಅಲ್ಲ. ಅಮೆರಿಕದಲ್ಲಿ 65 ವರ್ಷ ದಾಟಿದ 3,910 ಜನರನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಸುಟ್ಟ, ಬೇಯಿಸಿದ ಮೀನು ತಿಂದವರಲ್ಲಿ ಹೃದ್ರೋಗದ ಸಾವು ಕಡಿಮೆ ಕಂಡಿತು. ಕರಿದ ಮೀನು ತಿಂದವರಲ್ಲಿ ಆ ಲಾಭ ಕಾಣಲಿಲ್ಲ. 2019ರಲ್ಲಿ ಲಕ್ಷಕ್ಕೂ ಹೆಚ್ಚು ಹಿರಿಯ ಮಹಿಳೆಯರ ಮೇಲಿನ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೊಮ್ಮೆಯಾದರೂ ಕರಿದ ಮೀನು, ಸಿಗಡಿಯಂಥವನ್ನು ತಿನ್ನುವವರಿಗೆ ಹೃದಯ ಸಂಬಂಧಿ ಸಾವಿನ ಅಪಾಯ ಶೇ 13ರಷ್ಟು ಹೆಚ್ಚು ಕಂಡಿತು. ವಾರಕ್ಕೆ ಎರಡು ಸಲ ಮೀನು ತಿನ್ನಿ ಎಂದು ಸಲಹೆ ಕೊಡುವ ಅಮೆರಿಕದ ಹೃದಯ ಸಂಘವೂ ‘ಕರಿಯದ ಮೀನು’ ಎಂದೇ ಹೇಳುತ್ತದೆ. ಆ ಒಂದು ಪದವನ್ನು ನುಂಗಿ ಉಳಿದದ್ದನ್ನು ಸಾರುವವರು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಿದ್ದಾರೆ.

“ನಮ್ಮಜ್ಜ ತಿಂದು ತೊಂಬತ್ತು ವರ್ಷ ಬದುಕಿದ” ಅನ್ನುವುದು ಇನ್ನೊಂದು ಗುರಾಣಿ. ಅಜ್ಜ ತಿಂದದ್ದೇನು? ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿ ಬ್ಯಾಳಿ, ಅಗಸಿ ಹಿಂಡಿ. ಗಾಣದ ಕುಸುಬಿ ಎಣ್ಣೆ ಒಗ್ಗರಣೆಗೆ ಮಾತ್ರ ಇಳಿಯುತ್ತಿತ್ತು. ಹಳ್ಳ ಹರಿದಾಗ, ಕೆರೆ ಬತ್ತಿದಾಗ ಮೀನು. ಅದೂ ಹುಣಸೆ ಹಿಂಡಿದ ಸಾರು. ದಿನವೆಲ್ಲ ಎತ್ತಿನ ಹಿಂದೆ ನಡೆದ ಕಾಲು ಅವನದು. ಆಮೇಲೆ ನಮ್ಮ ಕಡೆಗೆ ನಾರಾಯಣಪುರ ಅಣೆಕಟ್ಟಿನ ಕಾಲುವೆ ಬಂದು ಶಹಾಪುರ, ಸುರಪುರದ ಹೊಲಗಳು ಗದ್ದೆಯಾದವು, ತಟ್ಟೆಯಲ್ಲಿ ಜೋಳ ಸರಿದು ಅನ್ನ ಕೂತಿತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಕಾಲಿನ ಜಾಗಕ್ಕೆ ಬೈಕು ಬಂತು. ಅಜ್ಜನ ಊಟವನ್ನೂ ಬಿಟ್ಟು, ದುಡಿಮೆಯನ್ನೂ ಬಿಟ್ಟು, ಅವನ ಆಯುಸ್ಸು ಮಾತ್ರ ಬೇಕೆಂದರೆ ಯಾರು ಕೊಡುತ್ತಾರೆ?

ನಮಗೆ ಹೆದರಿಕೆ ಗೊತ್ತಿಲ್ಲವೆಂದಲ್ಲ, ಅದು ಹೆಚ್ಚು ದಿನ ಬಾಳುವುದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ಹೋದಾಗ ಊರೂರಿನಲ್ಲಿ ಇಸಿಜಿಗೆ ಸಾಲು ನಿಂತಿತು. 2025ರ ಬೇಸಿಗೆ ಕಳೆಯುವ ಹೊತ್ತಿಗೆ ಹಾಸನದಿಂದ ಹೃದಯಾಘಾತದ ಸಾಲು ಸಾವುಗಳ ಸುದ್ದಿ ಬಂತು. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನ. ದೇಹವನ್ನು ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದ ಪುನೀತ್ ಅವರ ಸಾವಿಗೆ ಊಟ ಕಾರಣವೆಂದು ಹೇಳುತ್ತಿಲ್ಲ. ನಮ್ಮ ಭಯದ ಆಯುಸ್ಸಿನ ಬಗ್ಗೆ ಹೇಳುತ್ತಿದ್ದೇನೆ. ರಿಪೋರ್ಟ್ ನಾರ್ಮಲ್ ಬಂದ ಸಂಜೆಯೇ ಅದೇ ಬಂಡಿ, ಅದೇ ಕಡಾಯಿ. ಎದೆ ಹಿಡಿದುಕೊಂಡರೆ “ಗ್ಯಾಸ್ ಆಗ್ಯಾದ” ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯುವವರು ಇಂದಿಗೂ ಇದ್ದಾರೆ. ಪುನೀತ್ ಹೆಸರಿನಲ್ಲೇ ಹೃದಯಜ್ಯೋತಿ ಯೋಜನೆ ಬಂದಿದೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವದ 371 ಹಾಸಿಗೆಯ ಹೊಸ ಆಸ್ಪತ್ರೆಯೂ ಶುರುವಾಯಿತು. ಆದರೆ ಸೋಡಾ ಕುಡಿದು ಮನೆಯಲ್ಲೇ ಮಲಗಿದವನಿಗೆ ಆ ಚುಚ್ಚುಮದ್ದು ಮುಟ್ಟುವುದು ಹೇಗೆ?

ಹಾಗಾದರೆ ಮೀನು ಬಿಡಬೇಕೇ? ಬೇಡ. ಭೀಮಾ ಒಂದು ಕಡೆ, ಕೃಷ್ಣಾ ಇನ್ನೊಂದು ಕಡೆ ಹರಿಯುವ ನಮ್ಮ ಜಿಲ್ಲೆಯಲ್ಲಿ ಕೂತು ಮೀನು ಬಿಡಿ ಎಂದರೆ ಅನ್ಯಾಯ. ಕಡಾಯಿ ಬಿಡಿ, ರೊಟ್ಟಿ ಹಂಚು ಹಿಡಿಯಿರಿ. ದೊಡ್ಡ ಹೋಟೆಲುಗಳು ‘ಗ್ಲೇಜ್ಡ್ ಫಿಶ್’ ಎಂದು ಬರೆದು ನೂರಾರು ರೂಪಾಯಿ ಕೀಳುವ ಪದಾರ್ಥಕ್ಕೆ ಬೇಕಾದದ್ದೆಲ್ಲ ನಿಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಇದೆ: ಹುಣಸೆ, ಬೆಲ್ಲ, ಬೆಳ್ಳುಳ್ಳಿ, ಕೆಂಪು ಖಾರ.

ನಾಲ್ಕು ಜನರಿಗೆ ಅರ್ಧ ಕಿಲೋ ರೋಹು ಅಥವಾ ಕಾಟ್ಲಾ ಸಾಕು. ಕಿವಿರು ಕೆಂಪಗಿರಬೇಕು, ಕಣ್ಣು ಮಸುಕಾಗಿರಬಾರದು, ಬೆರಳಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಹೆಬ್ಬೆರಳಿನ ದಪ್ಪಕ್ಕೆ ತುಣುಕು ಮಾಡಿಸಿಕೊಂಡು ಬಂದು, ತೊಳೆದು, ಅರಿಶಿನ ಮತ್ತು ಅರ್ಧ ಟೀ ಚಮಚ ಉಪ್ಪು ಸವರಿ ಹತ್ತು ನಿಮಿಷ ಇಡಿ. ನಾಲ್ಕು ಜನರ ಮೀನಿಗೆ ಆ ಉಪ್ಪೇ ಸಾಕು. ಒಬ್ಬ ಮನುಷ್ಯನಿಗೆ ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ನಡುವೆ ಒಂದು ದೊಡ್ಡ ಚಮಚ ಗಟ್ಟಿ ಹುಣಸೆ ರಸ, ಎರಡು ಟೀ ಚಮಚ ಬೆಲ್ಲದ ಪುಡಿ, ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿ, ಅರ್ಧ ಟೀ ಚಮಚ ಖಾರದ ಪುಡಿ, ಕಾಲು ಬಟ್ಟಲು ನೀರು ಕೂಡಿಸಿ ಸಣ್ಣ ಉರಿಯಲ್ಲಿಡಿ. ಗುಳ್ಳೆ ಮೊದಲು ಸಣ್ಣಗೆ ಚಟಪಟ ಅನ್ನುತ್ತವೆ, ಆಮೇಲೆ ದೊಡ್ಡದಾಗಿ ನಿಧಾನವಾಗುತ್ತವೆ. ಪಾಕ ಸೌಟಿನ ಬೆನ್ನಿಗೆ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಗೆರೆ ಮುಚ್ಚದಂತಾದಾಗ ಇಳಿಸಿ.

ಹಂಚು ಕಾದ ಮೇಲೆ ಎರಡು ಟೀ ಚಮಚ ಕುಸುಬಿ ಅಥವಾ ಶೇಂಗಾ ಎಣ್ಣೆ ಸವರಿ ಮೀನಿಡಿ. ನಾಲ್ಕು ನಿಮಿಷ ಮುಟ್ಟಬೇಡಿ. ಅವಸರ ಮಾಡಿ ಕೆದಕಿದರೆ ಮೀನು ಹಂಚಿಗೆ ಅಂಟಿ ಪುಡಿಯಾಗುತ್ತದೆ. ತಿರುವಿ ಹಾಕಿ, ಮುಚ್ಚಿ, ಇನ್ನು ಮೂರು ನಿಮಿಷ. ಚಮಚದಿಂದ ಒತ್ತಿದರೆ ಮಾಂಸ ಪದರು ಪದರಾಗಿ ಬಿಚ್ಚಬೇಕು. ಆಗ ಪಾಕ ಸುರಿದು, ಎರಡೂ ಮಗ್ಗುಲಿಗೆ ಹತ್ತಿಸಿ ಒಂದೇ ನಿಮಿಷಕ್ಕೆ ಇಳಿಸಿ. ಪಾಕವನ್ನು ಮೊದಲೇ ಹಾಕಿದರೆ ಬೆಲ್ಲ ಸೀದು ಕಹಿಯಾಗುತ್ತದೆ. ಕೊನೆಯಲ್ಲಿ ಹಾಕಿದರೆ ಮೀನಿನ ಮೇಲೆ ಕಂದುಗೆಂಪು ಹೊಳಪು ಕೂರುತ್ತದೆ. ಬಣ್ಣದ ಪುಡಿ ಇಲ್ಲದೆ ಬಂದ ಕೆಂಪು ಅದು. ಕೆರೆ ಮೀನಿನ ಕೆಸರು ವಾಸನೆಯನ್ನೂ ಹುಣಸೆಯ ಹುಳಿ ತಗ್ಗಿಸುತ್ತದೆ. ಜೊತೆಗೆ ಬಿಸಿ ರೊಟ್ಟಿ, ಹೆಸರುಕಾಳಿನ ಉಸಳಿ, ಹಸಿ ಉಳ್ಳಾಗಡ್ಡಿ.

ಇಲ್ಲೂ ಮೈಮರೆಯಬೇಡಿ. ಬೆಲ್ಲವೂ ಸಕ್ಕರೆಯೇ, ‘ಬೆಲ್ಲ ಅಲ್ಲೇನು’ ಎಂದು ಹಿಡಿ ಹಿಡಿ ಹಾಕಿದರೆ ಸಕ್ಕರೆ ಕಾಯಿಲೆ ನಿಮ್ಮ ವಾದ ಕೇಳುವುದಿಲ್ಲ. ಎರಡು ಟೀ ಚಮಚವನ್ನು ನಾಲ್ವರು ಹಂಚಿಕೊಂಡರೆ ಮಾತ್ರ ಲೆಕ್ಕ ಸರಿ. ಒಮೆಗಾ-3 ಕೊಬ್ಬಿನ ವಿಷಯದಲ್ಲಿ ನಮ್ಮ ರೋಹು, ಕಾಟ್ಲಾಗಳು ಕರಾವಳಿಯ ಬೂತಾಯಿ, ಬಂಗುಡೆಗೆ ಸಮವಲ್ಲ. ಆದರೂ ಒಳ್ಳೆಯ ಪ್ರೋಟೀನು, ಮಟನ್ನಿಗಿಂತ ಕಡಿಮೆ ಸ್ಯಾಚುರೇಟೆಡ್ ಕೊಬ್ಬು ಇವುಗಳಲ್ಲಿದೆ. ಪಕ್ಕಕ್ಕೆ ಒಂದು ಚಮಚ ಅಗಸಿ ಹಿಂಡಿ ಹಾಕಿಕೊಂಡರೆ ಒಮೆಗಾ-3ರ ಕೊರತೆ ಸ್ವಲ್ಪ ತುಂಬುತ್ತದೆ.

“ಇದನ್ನೆಲ್ಲ ಮಾಡಾಕ ಟೈಮ್ ಎಲ್ಲದ?” ಎಂದು ಕೇಳುವವರು ಬಂಡಿಯ ಮುಂದೆ ಪ್ಲೇಟಿಗಾಗಿ ನಿಲ್ಲುವ ಹೊತ್ತಿನಲ್ಲಿ ಈ ಅಡುಗೆ ಮುಗಿದಿರುತ್ತದೆ. ನಿಜವಾದ ಅಡ್ಡಿ ಹೊತ್ತಲ್ಲ, ಒಲೆ ಹೆಂಗಸರದು ಎನ್ನುವ ಗಂಡಸಿನ ಆಲಸ್ಯ. ತಾನು ಬಂಡಿಯ ಮುಂದೆ ಬಿಸಿಬಿಸಿ ತಿಂದು, ಮನೆಗೆ ಆರಿದ ನಾಲ್ಕು ತುಣುಕನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಉಪಕಾರ ಮಾಡಿದವನಂತೆ ಕೂರುವವನಿಗೆ ಹೇಳುತ್ತಿದ್ದೇನೆ: ಮೀನು ತಂದ ಕೈಯೇ ಹಂಚಿನ ಮುಂದೆ ನಿಲ್ಲಲಿ. ದಿನವೆಲ್ಲ ಹೊಲದಲ್ಲಿ ಬಗ್ಗಿ, ಸಂಜೆ ರೊಟ್ಟಿ ಬಡಿದು, ಎಲ್ಲರದಾದ ಮೇಲೆ ಉಳಿದದ್ದನ್ನು ತಿನ್ನುವ ಆಕೆಗೂ ಹೃದಯವಿದೆ.

ಮೀನು ಮುಟ್ಟದವರೂ ಇದು ತಮಗಲ್ಲವೆಂದು ಹಿಗ್ಗುವುದು ಬೇಡ. ಮುಂಜಾನೆ ಸುಸಲಾದ ಜೊತೆ ಮೂರು ಮಿರ್ಚಿ ತಿನ್ನುವವರು ಕೂತಿರುವುದೂ ಅದೇ ಕಡಾಯಿಯ ಮುಂದೆ. ಶಾಕಾಹಾರ ಎಂಬ ಹೆಸರು ಕಪ್ಪು ಎಣ್ಣೆಯನ್ನು ಶುದ್ಧ ಮಾಡುವುದಿಲ್ಲ.

ಮನೆಯಲ್ಲಿ ಕರಿದ ಎಣ್ಣೆಯನ್ನು ಡಬ್ಬಿಯಲ್ಲಿ ಸೋಸಿಟ್ಟು ವಾರವೆಲ್ಲ ಬಳಸುವುದನ್ನು ಇವತ್ತೇ ನಿಲ್ಲಿಸಿ. ಬಂಡಿಯವನಿಗೆ ‘ಬಣ್ಣ ಹಾಕಿದ್ದು ಬ್ಯಾಡ’ ಎಂದು ಬಾಯಿಬಿಟ್ಟು ಹೇಳಿ. ಹತ್ತು ಗಿರಾಕಿ ಹೇಳಿದರೆ ಅವನೇ ಬದಲಾಗುತ್ತಾನೆ. ನಲವತ್ತು ದಾಟಿದವರು ಬಿ.ಪಿ., ಶುಗರ್ ತೋರಿಸಿಕೊಳ್ಳಲು ಇನ್ನೊಬ್ಬರ ಸಾವಿನ ಸುದ್ದಿಗೆ ಕಾಯಬೇಡಿ. ಎದೆ ನೋವು ಬಂದರೆ ಸೋಡಾ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಿ. ಬರುವ ಭಾನುವಾರ ಅರ್ಧ ಕಿಲೋ ಮೀನು ತಂದು ಹಂಚಿನ ಮೇಲೆ ನೀವೇ ಬೇಯಿಸಿ, ಮನೆಯವರೆಲ್ಲ ಕೂಡಿ ಕೂತು ಉಣ್ಣಿ.